ತಲೆನೋವಿಗೆ ಪ್ಯಾರಸಿಟಮಾಲ್: ನುಂಗುವ ಮುನ್ನ, ನುಂಗುವಾಗ, ನುಂಗಿದ ಮೇಲೆ

ಡೋಲೊ, ಕ್ರೋಸಿನ್, ಕಾಲ್ಪಾಲ್ ಇವುಗಳಲ್ಲಿ ಒಂದಾದರೂ ಇಲ್ಲದ ಮನೆ ಕರ್ನಾಟಕದಲ್ಲಿ ಅಪರೂಪ. ಹೆಸರು ಬೇರೆಯಾದರೂ ಈ ಮೂರರಲ್ಲೂ ಇರುವ ಔಷಧಿ ಒಂದೇ, ಪ್ಯಾರಸಿಟಮಾಲ್. ಜ್ವರಕ್ಕೆಂದು ತಂದು ಉಳಿದ ಮಾತ್ರೆಗಳೇ ಮುಂದೆ ತಲೆನೋವಿಗೂ ಮೈಕೈ ನೋವಿಗೂ ಖರ್ಚಾಗುತ್ತವೆ, ಮತ್ತು ಅದರಲ್ಲಿ ತಪ್ಪೇನೂ ಇಲ್ಲ, ಏಕೆಂದರೆ ಸಾಮಾನ್ಯ ತಲೆನೋವಿಗೆ ಮೊದಲು ನುಂಗಬಹುದಾದ, ಹೊಟ್ಟೆಗೆ ಹೆಚ್ಚು ತೊಂದರೆ ಕೊಡದ ಮಾತ್ರೆ ಇದೇ. ಆದರೆ ಒಂದು ದಿನದಲ್ಲಿ ಎಷ್ಟು ಮಿಲಿಗ್ರಾಂ ಒಳಗೆ ಹೋಯಿತು, ಒಂದು ತಿಂಗಳಲ್ಲಿ ಎಷ್ಟು ದಿನ ಮಾತ್ರೆ ಬೇಕಾಯಿತು ಎಂಬ ಎರಡು ಲೆಕ್ಕಗಳನ್ನು ಬಹುತೇಕರು ಇಡುವುದಿಲ್ಲ. ಈ ಮಾತ್ರೆಯಿಂದ ಆಗುವ ಅನಾಹುತಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದು ಲೆಕ್ಕ ತಪ್ಪಿದ್ದರಿಂದ ಆಗುವಂಥವು.

ತಲೆನೋವು ಸಣ್ಣ ಸಮಸ್ಯೆಯಲ್ಲ. ಬೆಂಗಳೂರಿನ ನಗರ ಮತ್ತು ಗ್ರಾಮಾಂತರ ಪ್ರದೇಶಗಳಲ್ಲಿ 18ರಿಂದ 65 ವರ್ಷದ ಸುಮಾರು 2,300 ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ, ನಿಮ್ಹಾನ್ಸ್‌ನ ತಜ್ಞರು ಸೇರಿ ನಡೆಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಬಂದಿತ್ತು ಎಂದವರು ನೂರಕ್ಕೆ ಸುಮಾರು 64 ಮಂದಿ. ಮೈಗ್ರೇನ್ ಇದ್ದವರು ಸುಮಾರು ಕಾಲುಭಾಗ. ಅಂದರೆ ಈ ಬರಹದ ಓದುಗರಲ್ಲಿ ಹೆಚ್ಚಿನವರಿಗೆ ಇದು ಸ್ವಂತ ಅನುಭವದ ವಿಷಯವೇ. ಮುಂದೆ ಹೇಳುವ ಪ್ರಮಾಣಗಳು, ಬೇರೆ ಎಂದು ಹೇಳದಿದ್ದರೆ, ವಯಸ್ಕರಿಗೆ ಅನ್ವಯಿಸುತ್ತವೆ.

ಮೊದಲ ಹೆಜ್ಜೆ: ಇದು ಮಾತ್ರೆ ನುಂಗಿ ಕಾಯಬಹುದಾದ ತಲೆನೋವೇ?

ಮಾತ್ರೆಯ ಪಟ್ಟಿಯನ್ನು ಕೈಗೆತ್ತಿಕೊಳ್ಳುವ ಮೊದಲು ಅರ್ಧ ನಿಮಿಷ ಈ ಪ್ರಶ್ನೆಗೆ ಕೊಡಬೇಕು. ಕ್ಷಣಾರ್ಧದಲ್ಲಿ ಸಿಡಿಲು ಬಡಿದಂತೆ ಆರಂಭವಾಗಿ, ಜೀವನದಲ್ಲಿ ಎಂದೂ ಕಾಣದಷ್ಟು ತೀವ್ರವಾದ ನೋವು; ಜ್ವರದ ಜೊತೆಗೆ ಕುತ್ತಿಗೆ ಬಗ್ಗಿಸಲಾಗದಂತೆ ಬಿಗಿಯುವುದು; ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು; ಫಿಟ್ಸ್ ಬರುವುದು, ಎಚ್ಚರ ತಪ್ಪುವುದು; ದೃಷ್ಟಿ ಮಂದವಾಗಿ ಕಣ್ಣು ಕೆಂಪಾಗಿ ನೋಯುವುದು: ಇವುಗಳಲ್ಲಿ ಯಾವುದಿದ್ದರೂ ಮನೆಯಲ್ಲಿ ಮಾತ್ರೆ ಕೊಟ್ಟು ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು. ತಲೆಗೆ ಪೆಟ್ಟು ಬಿದ್ದ ಮೇಲೆ ಬಂದ ತಲೆನೋವೂ ಇದೇ ಗುಂಪಿನದು. ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದು, ಆಗ ಏನೂ ಆಗಿಲ್ಲವೆಂದು ಎದ್ದು ಓಡಾಡಿ, ಎರಡು ಮೂರು ವಾರದ ನಂತರ ತಲೆನೋವು, ಮಂಕುತನ ಎಂದು ಹೇಳಿದರೆ ಆ ಹಳೆಯ ಬೀಳುವಿಕೆಯನ್ನು ನೆನಪಿಸಿಕೊಳ್ಳಬೇಕು. ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಸೇರಿಕೊಂಡಿರುವ ಸಾಧ್ಯತೆ ಇರುತ್ತದೆ.

ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವು, ಅದರಲ್ಲೂ ಅಗಿಯುವಾಗ ದವಡೆ ನೋಯುತ್ತಿದ್ದರೆ, ಅದೇ ದಿನ ವೈದ್ಯರಿಗೆ ತೋರಿಸಬೇಕು. ಗರ್ಭಿಣಿಯರಲ್ಲಿ ಐದನೆಯ ತಿಂಗಳ ನಂತರ ಬರುವ ಜೋರಾದ ತಲೆನೋವಿಗೆ ಮಾತ್ರೆಗಿಂತ ಮೊದಲು ಬೇಕಾದದ್ದು ಬಿಪಿ ನೋಡುವುದು. ಬೆಳಗಿನ ಜಾವ ಎಬ್ಬಿಸುವ, ಮಲಗಿದರೆ ಹೆಚ್ಚಾಗುವ, ವಾಂತಿಯೊಂದಿಗೆ ದಿನದಿಂದ ದಿನಕ್ಕೆ ಏರುವ ನೋವನ್ನೂ ಮುಂದೂಡಬಾರದು.

ಇನ್ನೊಂದು ಕಾರಣವನ್ನು ಚಳಿಗಾಲದಲ್ಲಿ ವಿಶೇಷವಾಗಿ ಗಮನಿಸಬೇಕು. ಕಿಟಕಿ ಮುಚ್ಚಿದ ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿದ್ದು, ಸ್ನಾನ ಮಾಡುವಾಗ ತಲೆ ನೋಯಲು, ಸುತ್ತಲು ಆರಂಭವಾದರೆ, ಅಥವಾ ಒಂದೇ ಮನೆಯ ಹಲವರಿಗೆ ಒಮ್ಮೆಗೇ ತಲೆನೋವು ಬಂದರೆ, ಅದು ಕಾರ್ಬನ್ ಮೊನಾಕ್ಸೈಡ್‌ನ ವಿಷವಿರಬಹುದು. ಆ ಅನಿಲಕ್ಕೆ ವಾಸನೆ ಇಲ್ಲ. ತಕ್ಷಣ ಹೊರಗಿನ ಗಾಳಿಗೆ ಬರಬೇಕು, ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಯಾವ ನೋವಿನ ಮಾತ್ರೆಗೂ ಕೆಲಸವಿಲ್ಲ.

ಎರಡನೆಯ ಹೆಜ್ಜೆ: ಯಾವ ಬಗೆಯ ನೋವು ಎಂದು ಗುರುತಿಸುವುದು

ಹಣೆಯ ಸುತ್ತ ಬಟ್ಟೆ ಬಿಗಿದು ಕಟ್ಟಿದಂತೆ, ಎರಡೂ ಕಡೆ ಒತ್ತುವ, ಆದರೆ ದಿನದ ಕೆಲಸವನ್ನು ಹೇಗೋ ಮಾಡಲು ಬಿಡುವ ನೋವು ಒತ್ತಡದ ತಲೆನೋವು. ಒಂದೇ ಬದಿ, ನಾಡಿ ಬಡಿದಂತೆ ಮಿಡಿಯುತ್ತ, ಬೆಳಕು ಮತ್ತು ಸದ್ದು ಸಹಿಸಲಾಗದೆ, ಹೊಟ್ಟೆ ತೊಳಸುತ್ತ, ಮೆಟ್ಟಿಲು ಹತ್ತಿದರೆ ಹೆಚ್ಚಾಗುವ ನೋವು ಮೈಗ್ರೇನ್, ಹಿರಿಯರು ಅರೆತಲೆನೋವು ಎನ್ನುವುದು. ಮೊದಲನೆಯದಕ್ಕೆ ಪ್ಯಾರಸಿಟಮಾಲ್ ಸಾಮಾನ್ಯವಾಗಿ ಸಾಕು. ಎರಡನೆಯದಕ್ಕೆ ಕೆಲವರಲ್ಲಿ ಸಾಕಾಗುತ್ತದೆ, ಹಲವರಲ್ಲಿ ಸಾಕಾಗುವುದಿಲ್ಲ.

ಮಾತ್ರೆಯೇ ಬೇಡದ ತಲೆನೋವುಗಳೂ ಇವೆ. ಊಟ ತಪ್ಪಿದ್ದು, ಬಿಸಿಲಿನಲ್ಲಿ ನೀರು ಕುಡಿಯದೆ ಅಲೆದದ್ದು, ನಿದ್ದೆಗೆಟ್ಟದ್ದು ಇವಕ್ಕೆ ಮೊದಲು ಊಟ, ನೀರು, ನಿದ್ದೆಯನ್ನೇ ಕೊಟ್ಟು ನೋಡಬೇಕು. ನಮ್ಮಲ್ಲಿ ಇನ್ನೊಂದು ಬಗೆ ಬಹಳ ಸಾಮಾನ್ಯ: ದಿನಕ್ಕೆ ಮೂರು ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿಯುವವರು ಏಕಾದಶಿಯೆಂದೋ ವ್ರತವೆಂದೋ ಅದನ್ನು ಪೂರ್ತಿ ಬಿಟ್ಟ ದಿನ ಮಧ್ಯಾಹ್ನದ ಹೊತ್ತಿಗೆ ತಲೆ ಹಿಡಿದುಕೊಂಡು ಕೂರುತ್ತಾರೆ. ಕೊನೆಯ ಲೋಟ ಕುಡಿದು 12ರಿಂದ 24 ಗಂಟೆಯೊಳಗೆ ಬರುವ ಈ ನೋವು ಕೆಫೀನ್ ನಿಂತದ್ದರಿಂದ ಬಂದದ್ದು. ಉಪವಾಸಕ್ಕೆ ಒಂದು ವಾರ ಮುಂಚಿನಿಂದ ಲೋಟಗಳನ್ನು ಒಂದೊಂದಾಗಿ ಕಡಿಮೆ ಮಾಡಿಕೊಂಡು ಬಂದರೆ ಅದು ಬರುವುದೇ ಕಡಿಮೆ.

ಮೂರನೆಯ ಹೆಜ್ಜೆ: ಪಟ್ಟಿಯ ಹಿಂಭಾಗವನ್ನು ಓದುವುದು

ಈ ಇಡೀ ಬರಹದಲ್ಲಿ ಒಂದೇ ಭಾಗವನ್ನು ಓದುವಷ್ಟು ವ್ಯವಧಾನವಿದ್ದರೆ ಇದನ್ನು ಓದಿ. ಮಾತ್ರೆಯ ಪಟ್ಟಿಯ ಮುಂಭಾಗದಲ್ಲಿ ದೊಡ್ಡದಾಗಿ ಇರುವುದು ಕಂಪನಿಯ ಹೆಸರು. ನಮಗೆ ಬೇಕಾದದ್ದು ಹಿಂದೆ ಸಣ್ಣ ಅಕ್ಷರದಲ್ಲಿ, ‘ಪ್ರತಿ ಮಾತ್ರೆಯಲ್ಲಿ ಇರುವುದು’ ಎಂಬ ಅರ್ಥದ ಇಂಗ್ಲಿಷ್ ಸಾಲಿನ ಕೆಳಗೆ ಇರುತ್ತದೆ. ಅಲ್ಲಿ ಪ್ಯಾರಸಿಟಮಾಲ್ ಎಂಬ ಪದವನ್ನೂ ಅದರ ಮುಂದಿನ ಅಂಕಿಯನ್ನೂ ಹುಡುಕಬೇಕು. ಬೆಂಗಳೂರಿನ ಕಂಪನಿಯೊಂದು ತಯಾರಿಸುವ ಡೋಲೊ 650ರಲ್ಲಿ ಇರುವುದು 650 ಮಿಲಿಗ್ರಾಂ. ಹಳೆಯ ಸಾಮಾನ್ಯ ಮಾತ್ರೆಗಳಲ್ಲಿ 500. ಜನೌಷಧಿ ಕೇಂದ್ರದಲ್ಲಿ ಕಂಪನಿಯ ಹೆಸರಿಲ್ಲದೆ ಕಡಿಮೆ ಬೆಲೆಗೆ ಸಿಗುವ ಪ್ಯಾರಸಿಟಮಾಲ್ ಮಾತ್ರೆಯೂ ಇದೇ ಔಷಧಿ.

ತೊಡಕು ಇರುವುದು ಬೆರಕೆ ಮಾತ್ರೆಗಳಲ್ಲಿ. ಕಾಂಬಿಫ್ಲಾಮ್‌ನಲ್ಲಿ 400 ಮಿಲಿಗ್ರಾಂ ಐಬುಪ್ರೊಫೆನ್ ಜೊತೆಗೆ 325 ಮಿಲಿಗ್ರಾಂ ಪ್ಯಾರಸಿಟಮಾಲ್ ಇದೆ. ಸ್ಯಾರಿಡಾನ್‌ನಲ್ಲಿ ಪ್ರೊಪಿಫೆನಜೋನ್ ಮತ್ತು ಕೆಫೀನ್ ಜೊತೆಗೆ 250 ಮಿಲಿಗ್ರಾಂ ಇದೆ. ಶೀತ, ಮೂಗು ಸೋರುವಿಕೆಗೆ ಅಂಗಡಿಯವರು ಕೊಡುವ ಹಲವು ಮಾತ್ರೆಗಳಲ್ಲಿ 325 ಅಥವಾ 500 ಇರುತ್ತದೆ. ‘ಪಿ’ ಅಥವಾ ‘ಪ್ಲಸ್’ ಎಂದು ಹೆಸರು ಮುಗಿಯುವ ಬೆನ್ನುನೋವಿನ, ಕೀಲುನೋವಿನ ಮಾತ್ರೆಗಳಲ್ಲಿ ಬಹಳಷ್ಟಕ್ಕೆ ಇದು ಸೇರಿಕೊಂಡಿರುತ್ತದೆ.

ಒಂದು ದಿನದ ಲೆಕ್ಕ ಹಾಕಿ ನೋಡೋಣ. ಶೀತವಾಗಿ ತಲೆ ನೋಯುತ್ತಿರುವ ಒಬ್ಬರು ಮೂರು ಹೊತ್ತು ಡೋಲೊ 650 ನುಂಗುತ್ತಾರೆ: 1,950 ಮಿಲಿಗ್ರಾಂ. ಮೂರು ಹೊತ್ತು 500 ಇರುವ ಶೀತದ ಮಾತ್ರೆ: 1,500. ಮೈಕೈ ನೋವಿಗೆ ಬೆಳಿಗ್ಗೆ, ರಾತ್ರಿ ಒಂದೊಂದು 325 ಇರುವ ಬೆರಕೆ ಮಾತ್ರೆ: 650. ಒಟ್ಟು 4,100. ಕೇಳಿದರೆ ಅವರು ‘ಮೂರೇ ಡೋಲೊ ತೆಗೆದುಕೊಂಡದ್ದು’ ಎನ್ನುತ್ತಾರೆ, ಮತ್ತು ಅವರ ಮಟ್ಟಿಗೆ ಅದು ನಿಜವೂ ಹೌದು. ಆದರೆ ಆರೋಗ್ಯವಂತ ವಯಸ್ಕರ ದಿನದ ಮೇಲ್ಮಿತಿಯಾದ 4,000 ಮಿಲಿಗ್ರಾಂ ಆಗಲೇ ದಾಟಿರುತ್ತದೆ. ಆದ್ದರಿಂದ ಎಣಿಸಬೇಕಾದದ್ದು ಮಾತ್ರೆಗಳನ್ನಲ್ಲ, ಮಿಲಿಗ್ರಾಂಗಳನ್ನು.

ಮೆಡಿಕಲ್ ಅಂಗಡಿಯಲ್ಲಿ ‘ತಲೆನೋವಿಗೆ ಎರಡು ಮಾತ್ರೆ ಕೊಡಿ’ ಎಂದರೆ ಪಟ್ಟಿಯನ್ನು ಕತ್ತರಿಸಿ ಒಂದು ತುಂಡು ಕೊಡುತ್ತಾರೆ. ಆ ತುಂಡಿನಲ್ಲಿ ಹೆಸರಿದ್ದರೆ ಅವಧಿ ಮುಗಿಯುವ ದಿನಾಂಕ ಇರುವುದಿಲ್ಲ, ದಿನಾಂಕವಿದ್ದರೆ ಪ್ರಮಾಣ ಇರುವುದಿಲ್ಲ. ಈ ಔಷಧಿ ದುಬಾರಿಯಲ್ಲವಾದ್ದರಿಂದ ಇಡೀ ಪಟ್ಟಿಯನ್ನೇ ಕೊಂಡು, ಹೆಸರು ಮತ್ತು ದಿನಾಂಕವಿರುವ ತುದಿ ಕೊನೆಗೆ ಉಳಿಯುವಂತೆ ಇನ್ನೊಂದು ತುದಿಯಿಂದ ಬಳಸುವುದು ಲೇಸು. ಒಲೆಯ ಪಕ್ಕದ ಗೂಡಿನಲ್ಲಿ, ಬಚ್ಚಲಿನಲ್ಲಿ ಇಡದೆ ಒಣಗಿದ, ತಂಪಾದ, ಮಕ್ಕಳ ಕೈಗೆ ಸಿಗದ ಜಾಗದಲ್ಲಿ ಇಡಬೇಕು.

ನಾಲ್ಕನೆಯ ಹೆಜ್ಜೆ: ನುಂಗುವುದು

ವಯಸ್ಕರಿಗೆ ಒಂದು ಸಲದ ಪ್ರಮಾಣ 500ರಿಂದ 1,000 ಮಿಲಿಗ್ರಾಂ. ಅಂದರೆ 500ರ ಒಂದು ಅಥವಾ ಎರಡು ಮಾತ್ರೆ, ಇಲ್ಲವೇ 650ರ ಒಂದು ಮಾತ್ರೆ. 650ರ ಎರಡು ಮಾತ್ರೆಗಳನ್ನು ಒಟ್ಟಿಗೆ ನುಂಗಿದರೆ 1,300 ಆಗಿ ಒಂದು ಸಲದ ಮಿತಿ ಮೀರುತ್ತದೆ. ‘ನೋವು ಜೋರಾಗಿದೆ’ ಎಂಬುದು ಅದಕ್ಕೆ ಕಾರಣವಾಗಬಾರದು. ಒಂದು ಲೋಟ ನೀರಿನೊಂದಿಗೆ, ಕುಳಿತುಕೊಂಡು ಅಥವಾ ನಿಂತುಕೊಂಡು ನುಂಗಬೇಕು. ಈ ಮಾತ್ರೆಗೆ ಹೊಟ್ಟೆ ತುಂಬಿರಲೇಬೇಕೆಂಬ ನಿಯಮವಿಲ್ಲ. ಭಾರಿ ಊಟದ ಮೇಲೆ ನುಂಗಿದರೆ ಅದು ರಕ್ತಕ್ಕೆ ಸೇರುವುದು ತಡವಾಗುತ್ತದೆ ಅಷ್ಟೆ. ನಿಧಾನವಾಗಿ ಕರಗಲೆಂದು ಮಾಡಿದ, ಎಸ್‌ಆರ್ ಅಥವಾ ಇಆರ್ ಎಂದು ಬರೆದಿರುವ ಮಾತ್ರೆಗಳನ್ನು ಮುರಿಯಬಾರದು, ಅಗಿಯಬಾರದು. ನೀರಿನಲ್ಲಿ ನೊರೆಯುಕ್ಕಿ ಕರಗುವ ಮಾತ್ರೆಗಳಲ್ಲಿ ಸೋಡಿಯಂ ಹೆಚ್ಚಿರುವುದರಿಂದ ಉಪ್ಪು ಬಿಡಲು ವೈದ್ಯರು ಹೇಳಿರುವ ಬಿಪಿ, ಹೃದಯ, ಮೂತ್ರಪಿಂಡದ ರೋಗಿಗಳು ಅವನ್ನು ಪದೇ ಪದೇ ಬಳಸಬಾರದು.

ಹೊತ್ತು ಮುಖ್ಯ. ಮೈಗ್ರೇನ್ ಇರುವವರು ‘ನೋಡೋಣ, ಇಳಿಯಬಹುದು’ ಎಂದು ಕಾದು, ನೋವು ನೆತ್ತಿಗೇರಿ ವಾಂತಿ ಶುರುವಾದ ಮೇಲೆ ನುಂಗಿದರೆ ಮಾತ್ರೆ ಹೊಟ್ಟೆಯಲ್ಲೇ ಕೂರುತ್ತದೆ, ಏಕೆಂದರೆ ಮೈಗ್ರೇನ್ ಏರಿದಾಗ ಜಠರದ ಚಲನೆ ಮಂದವಾಗುತ್ತದೆ. ನೋವು ಶುರುವಾಗುತ್ತಿದೆ ಎಂದು ತಿಳಿದ ಕೂಡಲೇ ನುಂಗಿ, ಕತ್ತಲೆ ಕೋಣೆಯಲ್ಲಿ ಮಲಗುವುದು ಹೆಚ್ಚು ಫಲ ಕೊಡುತ್ತದೆ. ಹಣೆಗೆ ಅಮೃತಾಂಜನ ಹಚ್ಚುವ ಅಭ್ಯಾಸ ಇದ್ದವರು ಅದನ್ನು ಬಿಡಬೇಕಿಲ್ಲ. ಅದು ಮಾತ್ರೆಯ ಕೆಲಸಕ್ಕೆ ಅಡ್ಡಿಯಲ್ಲ. ಕರ್ಪೂರ ಇರುವ ಯಾವ ಮುಲಾಮನ್ನೂ ಎಳೆಯ ಮಕ್ಕಳ ಮುಖದ ಹತ್ತಿರ ತರದಿದ್ದರೆ ಸಾಕು.

ಐದನೆಯ ಹೆಜ್ಜೆ: ಕಾಯುವುದು

ಮಾತ್ರೆ ಕೆಲಸ ಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಪರಿಣಾಮ ನಾಲ್ಕರಿಂದ ಆರು ಗಂಟೆ ಇರುತ್ತದೆ. ಇಪ್ಪತ್ತು ನಿಮಿಷಕ್ಕೆ ತಾಳ್ಮೆ ಕಳೆದುಕೊಂಡು ಇನ್ನೊಂದು ನುಂಗುವುದು ಬಹಳ ಕಡೆ ನಡೆಯುವ ತಪ್ಪು. ಎರಡು ಸಲದ ನಡುವೆ ಕನಿಷ್ಠ ನಾಲ್ಕು ಗಂಟೆ, ಸಾಧ್ಯವಾದರೆ ಆರು ಗಂಟೆ ಅಂತರವಿರಬೇಕು. ದಿನದ ಮೇಲ್ಮಿತಿ 4,000 ಮಿಲಿಗ್ರಾಂ ಎಂದು ಹೇಳಿದೆನಷ್ಟೆ. ವೈದ್ಯರು ನೋಡದೆ ಮನೆಯಲ್ಲೇ ನಿಭಾಯಿಸುವಾಗ 3,000ದ ಒಳಗೆ ಇರುವುದು ಸುರಕ್ಷಿತ ಎಂಬುದು ನನ್ನ ಸಲಹೆ. ತಲೆನೋವೊಂದಕ್ಕೇ ಅದಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಮಾತ್ರೆ ಆ ನೋವಿಗೆ ಹೊಂದುವುದಿಲ್ಲ ಎಂದೇ ಅರ್ಥ.

ಮಾತ್ರೆಯಿಂದ ಏನನ್ನು ನಿರೀಕ್ಷಿಸಬಹುದು ಎಂಬುದನ್ನೂ ತಿಳಿದಿರಬೇಕು. ಒತ್ತಡದ ತಲೆನೋವಿನ ಬಗೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆಯ ಪ್ರಕಾರ, 1,000 ಮಿಲಿಗ್ರಾಂ ಪ್ಯಾರಸಿಟಮಾಲ್ ನುಂಗಿದ ನೂರು ಜನರಲ್ಲಿ ಎರಡು ಗಂಟೆಯ ಹೊತ್ತಿಗೆ ನೋವು ಪೂರ್ತಿ ಹೋದದ್ದು 24 ಮಂದಿಗೆ. ಔಷಧಿಯೇ ಇಲ್ಲದ ಹುಸಿಮಾತ್ರೆ ನುಂಗಿದವರಲ್ಲಿ 19 ಮಂದಿಗೆ. ನೋವು ತಗ್ಗಿ ಸಹನೀಯವಾದವರ ಸಂಖ್ಯೆ ಇದಕ್ಕಿಂತ ಹೆಚ್ಚು. ಅಂದರೆ ಇದು ನೋವಿನ ಮೊನೆಯನ್ನು ಮೊಂಡು ಮಾಡುವ ಮಾತ್ರೆ, ಪ್ರತಿ ಸಲ ಅಳಿಸಿಹಾಕುವ ಮಾತ್ರೆಯಲ್ಲ. ಎರಡು ಗಂಟೆಯಾದರೂ ಚೂರು ಭಾರ ಉಳಿದಿದ್ದರೆ ಅದನ್ನು ಓಡಿಸಲು ಇನ್ನೊಂದು ಮಾತ್ರೆ ಬೇಕೆಂದೇನೂ ಇಲ್ಲ.

ಇವರು ಎಚ್ಚರ ವಹಿಸಬೇಕು

ಪ್ಯಾರಸಿಟಮಾಲನ್ನು ಒಡೆದು ಹೊರಹಾಕುವ ಕೆಲಸ ಯಕೃತ್ತಿನದು. ಆಗ ಹುಟ್ಟುವ ಸ್ವಲ್ಪ ಪ್ರಮಾಣದ ವಿಷವಸ್ತುವನ್ನು ಗ್ಲುಟಾಥಯೋನ್ ಎಂಬ ಅಂಶ ತಟಸ್ಥಗೊಳಿಸುತ್ತದೆ. ಯಕೃತ್ತಿನ ಕಾಯಿಲೆ ಇರುವವರಲ್ಲಿ, ದಿನವೂ ಮದ್ಯ ಕುಡಿಯುವವರಲ್ಲಿ, ದೀರ್ಘಕಾಲ ಸರಿಯಾಗಿ ಉಣ್ಣದೆ ಸೊರಗಿದವರಲ್ಲಿ ಈ ರಕ್ಷಣೆ ಕಡಿಮೆ. ಕ್ಷಯಕ್ಕೆ ಕೊಡುವ ಐಸೋನಿಯಜಿಡ್, ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ನುಂಗುತ್ತಿರುವವರಲ್ಲೂ ಅಪಾಯ ಹೆಚ್ಚು. ಇವರೆಲ್ಲ ತಮಗೆ ಎಷ್ಟು ಸಲ್ಲುತ್ತದೆ ಎಂದು ವೈದ್ಯರನ್ನು ಕೇಳಿಯೇ ನುಂಗಬೇಕು. ರಾತ್ರಿ ಕುಡಿದು ಬೆಳಿಗ್ಗೆ ತಲೆ ಹಿಡಿದವರಿಗೆ ಮೊದಲು ಬೇಕಾದದ್ದು ನೀರು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ನುಂಗುವವರು ದಿನಗಟ್ಟಲೆ ಪ್ಯಾರಸಿಟಮಾಲ್ ಬಳಸಬೇಕಾಗಿ ಬಂದರೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಐಎನ್‌ಆರ್ ಪರೀಕ್ಷೆ ಬೇಗ ಮಾಡಿಸಬೇಕು.

ತೂಕ 50 ಕಿಲೋಗಿಂತ ಕಡಿಮೆ ಇರುವವರಿಗೆ ಒಂದು ಸಲಕ್ಕೆ ಕಿಲೋಗೆ 15 ಮಿಲಿಗ್ರಾಂ ಮೀರಬಾರದು. ನಲವತ್ತು ಕಿಲೋ ತೂಗುವ ಅಜ್ಜಿಗೆ ಅದು 600 ಮಿಲಿಗ್ರಾಂ ಆಗುವುದರಿಂದ, ಮನೆಯಲ್ಲಿ ಎಲ್ಲರೂ ನುಂಗುವ 650ರ ಬದಲು 500ರ ಮಾತ್ರೆಯೇ ಅವರಿಗೆ ಸರಿ. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ನೋವಿನ ಮಾತ್ರೆಗಳಲ್ಲಿ ವೈದ್ಯರು ಮೊದಲು ಆರಿಸುವುದು ಪ್ಯಾರಸಿಟಮಾಲನ್ನೇ. ಕಡಿಮೆ ಪ್ರಮಾಣ, ಕಡಿಮೆ ದಿನ ಎಂಬುದಷ್ಟೇ ನಿಯಮ.

ಮಕ್ಕಳಿಗೆ ವಯಸ್ಸಿನ ಮೇಲಲ್ಲ, ತೂಕದ ಮೇಲೆ ಲೆಕ್ಕ: ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆಯ ಅಂತರದಲ್ಲಿ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. 15 ಕಿಲೋ ತೂಕದ ಮಗುವಿಗೆ 150ರಿಂದ 225 ಮಿಲಿಗ್ರಾಂ. 5 ಎಂಎಲ್‌ಗೆ 250 ಮಿಲಿಗ್ರಾಂ ಇರುವ ಸಿರಪ್ ಆದರೆ ಅದು 3ರಿಂದ 4.5 ಎಂಎಲ್. ಅದೇ ಔಷಧಿಯ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದೊಂದು ಎಂಎಲ್‌ಗೇ 100 ಮಿಲಿಗ್ರಾಂ ಇರುತ್ತದೆ, ಅಂದರೆ ಆ ಸಿರಪ್ಪಿನ ಎರಡರಷ್ಟು ಗಟ್ಟಿ. ಬಾಟಲಿ ಬದಲಾದಾಗ ಹಳೆಯ ಅಳತೆಯನ್ನೇ ಹಾಕುವುದು ಅಪಾಯ. ಅಡುಗೆಮನೆಯ ಚಮಚ ಬೇಡವೇ ಬೇಡ. ಚಿಕ್ಕ ಮಗುವಿಗೆ ಪದೇ ಪದೇ ತಲೆನೋವು ಬರುತ್ತಿದ್ದರೆ ಅದು ವೈದ್ಯರು ನೋಡಬೇಕಾದ ವಿಷಯ.

ಬೇರೆ ಮಾತ್ರೆಗೆ ಕೈಹಾಕುವ ಮುನ್ನ

ಐಬುಪ್ರೊಫೆನ್ ಮತ್ತು ಆಸ್ಪಿರಿನ್ ತಲೆನೋವಿಗೆ ಒಳ್ಳೆಯ ಮಾತ್ರೆಗಳೇ, ಕೆಲವರ ಮೈಗ್ರೇನಿಗೆ ಪ್ಯಾರಸಿಟಮಾಲಿಗಿಂತ ಉತ್ತಮ ಕೂಡ. ಆದರೆ ಅವನ್ನು ಊಟದ ಮೇಲೆಯೇ ನುಂಗಬೇಕು, ಮತ್ತು ಹೊಟ್ಟೆಯ ಹುಣ್ಣು, ಮೂತ್ರಪಿಂಡದ ಕಾಯಿಲೆ, ನೋವಿನ ಮಾತ್ರೆಯಿಂದ ಕೆರಳುವ ಆಸ್ತಮಾ ಇರುವವರಿಗೆ, ಐದು ತಿಂಗಳು ತುಂಬಿದ ಗರ್ಭಿಣಿಯರಿಗೆ ಅವು ಸಲ್ಲುವುದಿಲ್ಲ. ಮಕ್ಕಳಿಗೆ, ಹದಿಹರೆಯದವರಿಗೆ ಜ್ವರವಿರುವಾಗ ಆಸ್ಪಿರಿನ್ ಕೊಡಲೇಬಾರದು. ಯಕೃತ್ತು ಮತ್ತು ಮೆದುಳನ್ನು ಹಾಳುಮಾಡುವ ರೇಯ್ಸ್ ಎಂಬ ಅಪರೂಪದ ರೋಗಕ್ಕೆ ಅದು ದಾರಿಯಾಗುತ್ತದೆ.

ಮಳೆಗಾಲದಲ್ಲಿ ಈ ಮಾತು ಎಲ್ಲರಿಗೂ ಅನ್ವಯಿಸುತ್ತದೆ. ಜ್ವರದ ಜೊತೆ ಕಣ್ಣಿನ ಹಿಂದೆ ನೋಯುವಂಥ ತಲೆನೋವು ಡೆಂಗ್ಯೂ ಇರಬಹುದು, ಮತ್ತು ಡೆಂಗ್ಯೂ ಇಲ್ಲವೆಂದು ರಕ್ತಪರೀಕ್ಷೆಯಲ್ಲಿ ತಿಳಿಯುವವರೆಗೆ ಆಸ್ಪಿರಿನ್, ಐಬುಪ್ರೊಫೆನ್, ಅವು ಬೆರೆತಿರುವ ಮಾತ್ರೆ ಯಾವುದನ್ನೂ ನುಂಗಬಾರದು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಆಗ ಪ್ಯಾರಸಿಟಮಾಲ್ ಒಂದೇ.

ವಿದೇಶದಲ್ಲಿರುವ ಕನ್ನಡಿಗರು ಒಂದು ಸಂಗತಿಯನ್ನು ನೆನಪಿಡಬೇಕು. ಅಮೆರಿಕದಲ್ಲಿ ಇದೇ ಔಷಧಿಗೆ ಅಸಿಟಮಿನೋಫೆನ್ ಎಂದು ಹೆಸರು, ಟೈಲೆನಾಲ್ ಅದರ ಜನಪ್ರಿಯ ಬ್ರಾಂಡು. ಊರಿನಿಂದ ತಂದ ಡೋಲೊ ಒಂದು, ಅಲ್ಲಿನ ಟೈಲೆನಾಲ್ ಇನ್ನೊಂದು ಎಂದು ಭಾವಿಸಿ ಎರಡನ್ನೂ ನುಂಗಿದರೆ ಒಂದೇ ಔಷಧಿಯನ್ನು ಎರಡು ಸಲ ನುಂಗಿದಂತೆ.

ಲೆಕ್ಕ ತಪ್ಪಿದರೆ

ಮಿತಿ ಮೀರಿ ನುಂಗಿದ್ದು ಗೊತ್ತಾದರೆ, ಮೈಯಲ್ಲಿ ಏನೂ ಆಗದಿದ್ದರೂ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ಈ ವಿಷದ ಮೋಸವೇ ಅದು: ಮೊದಲ ದಿನ ಸ್ವಲ್ಪ ವಾಕರಿಕೆ ಬಿಟ್ಟರೆ ಏನೂ ಕಾಣಿಸುವುದಿಲ್ಲ, ಎರಡು ಮೂರನೆಯ ದಿನ ಯಕೃತ್ತು ಕೈಕೊಡುತ್ತದೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಇದೆ. ನುಂಗಿದ ಎಂಟು ಗಂಟೆಯೊಳಗೆ ಸಿಕ್ಕರೆ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಖಾಲಿ ಪಟ್ಟಿಗಳನ್ನು ಜೊತೆಗೆ ಒಯ್ಯಬೇಕು, ನುಂಗಿದ ಸಮಯವನ್ನು ಹೇಳಬೇಕು. ಬೇಕೆಂದೇ ನುಂಗಿದ್ದಾದರೂ ಮುಚ್ಚಿಡದೆ ಹೇಳಿದರೆ ಚಿಕಿತ್ಸೆ ಬೇಗ ಶುರುವಾಗುತ್ತದೆ.

ಕೊನೆಯ ಹೆಜ್ಜೆ: ಕ್ಯಾಲೆಂಡರಿನಲ್ಲಿ ಗುರುತು

ಮಾತ್ರೆ ನುಂಗಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕುವ ಅಭ್ಯಾಸವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ವಾರಕ್ಕೆ ಎರಡು ದಿನದ ಒಳಗಿದ್ದರೆ ಚಿಂತೆಯಿಲ್ಲ. ತಿಂಗಳಲ್ಲಿ 15 ಅಥವಾ ಹೆಚ್ಚು ದಿನ ಪ್ಯಾರಸಿಟಮಾಲ್‌ನಂಥ ಸಾದಾ ಮಾತ್ರೆ, ಇಲ್ಲವೇ 10 ಅಥವಾ ಹೆಚ್ಚು ದಿನ ಬೆರಕೆ ಮಾತ್ರೆ, ಹೀಗೆ ಮೂರು ತಿಂಗಳು ದಾಟಿದರೆ ಮಾತ್ರೆಯೇ ತಲೆನೋವನ್ನು ತರಲು ಆರಂಭಿಸಬಹುದು. ನೋವಿಗೆ ಮಾತ್ರೆ, ಮಾತ್ರೆಗೆ ನೋವು ಎಂಬ ಈ ಸುತ್ತು ಹೆಚ್ಚಾಗಿ ಮೈಗ್ರೇನ್ ಇರುವವರಲ್ಲಿ ಕಾಣುತ್ತದೆ. ಬೆಳಿಗ್ಗೆ ಏಳುವಾಗಲೇ ನೋವು, ಚೀಲದಲ್ಲಿ ಮಾತ್ರೆಯ ಪಟ್ಟಿ ಇಲ್ಲದೆ ಮನೆಯಿಂದ ಹೊರಡಲು ಭಯ ಎಂಬಲ್ಲಿಗೆ ಅದು ಬಂದು ನಿಲ್ಲುತ್ತದೆ.

ಅಂಥವರು ಆ ಕ್ಯಾಲೆಂಡರಿನ ಹಾಳೆಗಳನ್ನೂ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ತೆಗೆದುಕೊಂಡು ವೈದ್ಯರ ಬಳಿ ಹೋಗಬೇಕು. ಸ್ಕ್ಯಾನಿಂಗ್ ಮಾಡಿಸಲೇಬೇಕೆಂದು ಒತ್ತಾಯಿಸುವುದಕ್ಕಿಂತ, ನೋವು ಯಾವ ದಿನ ಬಂತು, ಎಷ್ಟು ಹೊತ್ತು ಇತ್ತು, ಮುಟ್ಟಿನ ದಿನಗಳಿಗೆ ಹೊಂದುತ್ತದೆಯೇ, ಯಾವ ಮಾತ್ರೆಗೆ ಎಷ್ಟು ಇಳಿಯಿತು ಎಂದು ಬರೆದ ಹಾಳೆ ಅವರಿಗೆ ಹೆಚ್ಚು ತಿಳಿಸುತ್ತದೆ. ಸಾದಾ ಪ್ಯಾರಸಿಟಮಾಲ್ ಆದರೆ ಸಾಮಾನ್ಯವಾಗಿ ಒಮ್ಮೆಗೇ ನಿಲ್ಲಿಸಲು ಹೇಳುತ್ತಾರೆ. ನಿದ್ದೆಯ ಅಥವಾ ಅಫೀಮಿನ ಅಂಶವಿರುವ ಬೆರಕೆ ಮಾತ್ರೆಗಳನ್ನು ಅವರ ಕಣ್ಗಾವಲಿನಲ್ಲಿ ಹಂತ ಹಂತವಾಗಿ ಇಳಿಸಬೇಕಾಗುತ್ತದೆ. ನಿಲ್ಲಿಸಿದ ಮೊದಲ ಎರಡರಿಂದ ಹತ್ತು ದಿನ ತಲೆನೋವು ಮೊದಲಿಗಿಂತ ಜೋರಾಗುವುದು ನಿರೀಕ್ಷಿತವೇ, ಆದ್ದರಿಂದ ಪರೀಕ್ಷೆ, ಮದುವೆ, ಪ್ರಯಾಣ ಇಲ್ಲದ ವಾರವನ್ನು ಅದಕ್ಕೆ ಆರಿಸಿಕೊಂಡು, ಮನೆಯವರಿಗೂ ಮೊದಲೇ ಹೇಳಿಟ್ಟಿರಬೇಕು. ನೋವು ಬಂದಾಗ ನುಂಗುವ ಮಾತ್ರೆಯ ಬದಲು ನೋವು ಬಾರದಂತೆ ದಿನವೂ ನುಂಗುವ ಬೇರೆ ಬಗೆಯ ಔಷಧಿಯನ್ನು ವೈದ್ಯರು ಆಗಲೇ ಆರಂಭಿಸಬಹುದು. ಅದರ ಗುಣ ಕಾಣಿಸಿಕೊಳ್ಳಲು ಕೆಲವು ವಾರಗಳು ಹಿಡಿಯುತ್ತವೆ, ಅಷ್ಟರವರೆಗೂ ಕ್ಯಾಲೆಂಡರಿನ ಗೀಟುಗಳನ್ನು ಮುಂದುವರಿಸಬೇಕು.